ರೆಕ್ಕೆಯ ಆಚೆ ಕಡೆ ಏಕನಾಥಮ್ಮ

ನಮ್ಮ ವಾರಗಿತ್ತಿ ಏಕನಾಥಮ್ಮನ ಬಗ್ಗೆ ಒಳ್ಳೇದು ಹೇಳು ಅಂದ್ರೆ ಮೊದಲು ಅವಳ ಕೈ ಹೊಲಿಗೆ ಹೇಳ್ಬೇಕು. ಕೆಟ್ಟದ್ದು ಹೇಳು ಅಂದ್ರೂ ಅದನ್ನೇ ಹೇಳ್ಬೇಕು. ಹಿರಿಯೂರು ಬಸ್ ಸ್ಟ್ಯಾಂಡ್ ಹಿಂದೆ ಅವಳದ್ದೊಂದು ಟೈಲರ್ ಅಂಗಡಿ. ಅವಳು ಅಂಚು ಹೊಲಿದ್ರೆ ಹೊರಗಡೆ ಒಂದೆಳೆ ಕಾಣ್ತಿರಲಿಲ್ಲ. ಆದ್ರೆ ಬೇರೆಯವರ ಹೊಲಿಗೆ ಕಣ್ಣಿಗೆ ಬಿತ್ತೋ, ಬಾಯಿ ಸುಮ್ಮನಿರಲ್ಲ, ಕೈಯೂ ಸುಮ್ಮನಿರಲ್ಲ. ಬಿಚ್ಚಾಕಿ ತಾನೇ ಹೊಲಿಬೇಕು, ಹುಟ್ಟುಗುಣ.

ನನ್ನ ಮಗಳು ಅಂಜಲಿ ಮದುವೇಲೂ ಅದೇ ಆಯ್ತು. ಧಾರೆಗೆ ಉಡೋ ಸೀರೆಯ ಕುಪ್ಪಸಕ್ಕೆ ಅಂಚು ನಾನೇ ಕೂತು ಹೊಲಿದಿದ್ದೆ, ಹೆತ್ತ ತಾಯಿ ಆಸೆ ಅಂತ. ಬೀಗರ ಎದುರಿಗೇ ಏಕನಾಥಮ್ಮ ಅದನ್ನ ಎತ್ಕಂಡು, "ಇದೇನೇ ಜಯಾ, ಹಾವು ಹರಿದಂಗೈತೆ" ಅಂದು ಕತ್ರಿ ತಗಂಡು ಬಿಚ್ಚೇಬಿಟ್ಲು. ಬೀಗರ ಹೆಣ್ಮಕ್ಳು ಸೆರಗು ಬಾಯಿಗಿಟ್ಕಂಡು ನಕ್ರು. ಆಮೇಲೆ ನೋಡಿದ್ರೆ ಅವಳು ಹೊಲಿದ ಅಂಚೇ ವಾರೆ. ಹೊಟ್ಟೆಕಿಚ್ಚಿಗೆ ಬೇಕಂತ್ಲೇ ಮಾಡಿದಾಳೆ ಅಂದ್ಕಂಡೆ. ಅವತ್ತಿಂದ ಮಾತು ಬಿಟ್ಟೆ. ಅಂಜಲಿಗೆ ಮಗುವಾಗಿ, ಅದು ನಡೆಯೋಕೆ ಕಲಿತ್ರೂ ನಾನು ಮಾತಾಡ್ಲಿಲ್ಲ.

ಹೋದ ವರ್ಷ ಐಮಂಗಲದ ರಘುನಾಥ್ ಸಾರ್, ಕೈ ಹೊಲಿಗೆ ಬರೋರು ಬೇಕು ಅಂತ ಹುಡುಕ್ಕಂಡು ನಮ್ಮನೆಗೆ ಬಂದ್ರು. ಏರ್‌ಫೋರ್ಸಲ್ಲಿ ವಿಮಾನ ರಿಪೇರಿ ಮಾಡ್ತಿದ್ದೋರು, ಈಗ ರಿಟೈರು. ಹೈವೇ ಪಕ್ಕದ ಶೆಡ್ಡಲ್ಲಿ ಇಬ್ಬರು ಕೂರೋ ಹಳೇ ವಿಮಾನ ಒಂದನ್ನ ಬಿಚ್ಚಿಟ್ಕಂಡು, ಮತ್ತೆ ಹಾರಿಸ್ತೀನಿ ಅಂತ ಹಟ ಹಿಡಿದಿದ್ರು. ಅದರ ಮೈಯೆಲ್ಲ ಬಟ್ಟೆ ಅಂದ್ರೆ ನಾನು ನಂಬಲಿಲ್ಲ, ಹೋಗಿ ಮುಟ್ಟಿ ನೋಡಿದೆ. ರೆಕ್ಕೆಯ ಮರದ ಪಕ್ಕೆಲುಬುಗಳ ಮೇಲೆ ಬಟ್ಟೆ ಅಂಟಿಸಿ, ಇಸ್ತ್ರಿ ಪೆಟ್ಟಿಗೆ ಆಡಿಸಿ ಬಿಗಿ ಮಾಡಿದ್ರು. ಇನ್ನು ಒಂದೊಂದು ಪಕ್ಕೆಲುಬಿಗೂ ಬಟ್ಟೇನ ಸೇರಿಸಿ, ಮೇಣ ಹಚ್ಚಿದ ದಾರದಲ್ಲಿ ಕೈ ಹೊಲಿಗೆ ಬೀಳ್ಬೇಕು. "ಹೊಲಿಗೆ ಸಡಿಲ ಆದ್ರೆ ಗಾಳಿಗೆ ಬಟ್ಟೆ ಉಬ್ಬುತ್ತೆ ಕಣಮ್ಮ, ಒಳಗೆ ಕೂತೋರ ಜೀವಕ್ಕೇ ಕುತ್ತು" ಅಂದ್ರು. ನಮ್ಮಿಬ್ಬರ ಜಗಳ ಅವರಿಗೇನು ಗೊತ್ತು, ಅವಳನ್ನೂ ಕರೆಸಿದ್ರು.

ರೆಕ್ಕೇನ ಗೋಡೆ ಥರ ನೆಟ್ಟಗೆ ನಿಲ್ಲಿಸಿದ್ರು. ಈಚೆ ನಾನು, ಆಚೆ ಅವಳು. ಮೊಳದುದ್ದ ಸೂಜಿ. ಅವಳು ಪೆನ್ಸಿಲ್ ಗುರುತಿಗೆ ಚುಚ್ಚಿ ಈಚೆ ಕಳಿಸ್ಬೇಕು, ನಾನು ಪಕ್ಕೆಲುಬಿನ ಇನ್ನೊಂದು ಮಗ್ಗುಲಿಂದ ವಾಪಸ್ ಕಳಿಸ್ಬೇಕು, ಅವಳು ಗಂಟು ಬಿಗೀಬೇಕು. ಬಾಯಿ ಮುಚ್ಕಂಡು ಆಗೋ ಕೆಲಸ ಅಲ್ಲ. ಅದಕ್ಕೆ ಇಬ್ರೂ ರೆಕ್ಕೆ ಜೊತೆ ಮಾತಾಡಿದ್ವಿ. "ಲೇ ರೆಕ್ಕೆ, ಸೂಜಿ ಬಂತು ನೋಡು" ಅಂತ ಅವಳು. "ದಾರ ಎಳ್ಕಳಕ್ಕೆ ಹೇಳು ರೆಕ್ಕೆ" ಅಂತ ನಾನು. ರಘುನಾಥ್ ಸಾರ್ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿ, ತಲೆ ಕೆರ್ಕಂಡು ಹೋದ್ರು.

ಒಂದಿನ ಮಧ್ಯಾಹ್ನ ಮೋಡ ಮುಚ್ಚಿ ಶೆಡ್ಡಲ್ಲಿ ಬೆಳಕು ಕಮ್ಮಿಯಾಯ್ತು. ಸೂಜಿ ನನ್ನ ಕಡೆ ಗುರುತು ಬಿಟ್ಟು ಬೆರಳಗಲ ದೂರ ಬಂತು. ಸುಳ್ಳು ಯಾಕೆ ಹೇಳ್ಲಿ, ನನಗೆ ಖುಷಿಯಾಯ್ತು. ಸಿಕ್ಕಿಬಿದ್ಲು ಇವತ್ತು, ಸಾರನ್ನ ಕರೆದು ಅವರ ಎದುರಿಗೇ ಬಿಚ್ಚಿಸ್ತೀನಿ ಅಂದ್ಕಂಡೆ. "ಗುರುತು ತಪ್ಪೈತೆ ಅಂತ ಹೇಳು ರೆಕ್ಕೆ" ಅಂದೆ. ಸೂಜಿ ವಾಪಸ್ ಹೋಗಿ ಮತ್ತೆ ಬಂತು, ಇನ್ನೂ ಆಚೆಗೆ. ಮತ್ತೊಂದ್ಸಲವೂ ಹಂಗೇ. ಇದೇನು ಆಟ ಆಡ್ತಾಳಾ ಅಂತ, ಬೈಯಾಕೆ ಎದ್ದು ರೆಕ್ಕೆ ಸುತ್ತಿ ಆಚೆ ಹೋದೆ.

ಅವಳು ಬಟ್ಟೆಗೆ ಮೂಗು ತಾಗಿಸ್ಕಂಡು, ಬೆರಳಲ್ಲಿ ಪಕ್ಕೆಲುಬು ತಡವ್ತಾ ಕೂತಿದ್ಲು. ಗುರುತು ಅವಳ ಕಣ್ಣೆದುರಿಗೇ ಇತ್ತು. ಹೊರಗೆ ಸಾರ್ ಬಣ್ಣದ ಡಬ್ಬ ಬಿಚ್ತಾ ಇದ್ದ ಸದ್ದು ಕೇಳ್ತಿತ್ತು. ಒಂದು ಕೂಗು ಹಾಕಿದ್ರೆ ಬಂದಿರೋರು. ನನಗೆ ಕೂಗೋಕೆ ಮನಸ್ಸಾಗ್ಲಿಲ್ಲ.

"ಅಕ್ಕ" ಅಂದೆ. ಬೆಚ್ಚಿಬಿದ್ಲು. "ಗುರುತು ನೋಡಿ ಚುಚ್ಚೋದು ನಾನು ಮಾಡ್ತೀನಿ. ನೀನು ದಾರ ಎಳ್ಕಂಡು ಗಂಟು ಬಿಗಿ, ಸಾಕು."

ನಾನು ನನ್ನ ಜಾಗಕ್ಕೆ ಬಂದು ಸೂಜಿ ಹಾಕಿದೆ. ಗಂಟು ಬಿಗಿಯೋದರಲ್ಲಿ ಅವಳ ಕೈಗೆ ಕಣ್ಣು ಬೇಕಿರಲಿಲ್ಲ. ಒಂದು ಸಾಲು ಮುಗೀತು. ಆಗ ಆಚೆಯಿಂದ ಕೇಳಿದ್ಲು, "ಜಯಾ, ಅವತ್ತು ಅಂಜಲಿ ಕುಪ್ಪಸದ ಅಂಚು ನೆಟ್ಟಗೇ ಇತ್ತೇನೇ?"

"ನೆಟ್ಟಗಿತ್ತಕ್ಕ" ಅಂದೆ.

"ನನಗೆ ಸೊಟ್ಟಗೆ ಕಾಣ್ತು ಕಣೇ. ಆಮೇಲಾಮೇಲೆ ನಾನು ಹೊಲಿದಿದ್ದೂ ಸೊಟ್ಟಗೇ ಕಾಣಕ್ಕೆ ಶುರುವಾಯ್ತು. ಯಾರಿಗೆ ಹೇಳ್ಲಿ? ಟೈಲರಮ್ಮಂಗೆ ಕಣ್ಣು ಮಂಜು ಅಂದ್ರೆ ಅಂಗಡಿಗೆ ಯಾರು ಬರ್ತಾರೆ?"

ಇಷ್ಟು ವರ್ಷ ನಾನು ಹೊಟ್ಟೆಕಿಚ್ಚು ಅಂತ ಬೈಕಂಡು ತಿರುಗಿದ್ದು ಇದಕ್ಕೆ. ರೆಕ್ಕೆ ನಡುವೆ ಇದ್ದಿದ್ದೇ ಒಳ್ಳೇದಾಯ್ತು, ನಾನು ಅತ್ತಿದ್ದು ಅವಳಿಗೆ ಕಾಣ್ಲಿಲ್ಲ.

ಹೊಲಿಗೆ ಮುಗಿದ ಮೇಲೆ ಡೋಪ್ ಅಂತ ಮೂಗಿಗೆ ಬಡಿಯೋ ಅಂಟು ದ್ರಾವಣ ಹಚ್ಚಿದ್ವಿ. ಒಣಗಿದ್ರೆ ಬಟ್ಟೆ ತಮಟೆ ಥರ ಬಿಗಿ. ಅದರ ಮೇಲೆ ಬೆಳ್ಳಿ ಬಣ್ಣ, ಅದರ ಮೇಲೆ ಹಳದಿ. ಹಳದಿ ಹಚ್ಚೋ ದಿನ ರೆಕ್ಕೇನ ಮೇಜಿನ ಮೇಲೆ ಮಲಗಿಸಿದ್ರು, ನಾವಿಬ್ರೂ ಎದುರುಬದುರು ನಿಂತಿದ್ವಿ. ನೇರವಾಗಿ ಕೇಳೋಕೆ ಇನ್ನೂ ನಾಚಿಕೆ ನನಗೆ.

"ಲೇ ರೆಕ್ಕೆ" ಅಂದೆ, "ನಾಳೆ ದುರ್ಗದ ಕಣ್ಣಾಸ್ಪತ್ರೆಗೆ ಹೋಗಾಣ, ನಾನೂ ಜೊತೆಗೆ ಬರ್ತೀನಿ ಅಂತ ನಮ್ಮಕ್ಕಂಗೆ ಹೇಳು."

ಏಕನಾಥಮ್ಮ ಬ್ರಷ್ ನಿಲ್ಲಿಸ್ಲಿಲ್ಲ. "ರೆಕ್ಕೆಗ್ಯಾಕೆ ಹೇಳ್ತೀಯ" ಅಂದ್ಲು, "ನಾನಿಲ್ಲೇ ಇದೀನಲ್ಲ."