ಬಚ್ಚಲೊಲೆಯ ಸರದಿ

ನಮ್ಮ ವಠಾರಕ್ಕೆ ಹೊಸ ಸಂಸಾರ ಬಂದರೆ ಬಾವಿ, ಒರಳು, ಬಟ್ಟೆ ಒಗೆಯುವ ಕಲ್ಲು ತೋರಿಸುವ ಕೆಲಸ ಬರಬರುತ್ತ ನನ್ನ ಪಾಲಿಗೆ ಬಂತು. ಇಲ್ಲಿ ಎಲ್ಲವೂ ಎಲ್ಲರದು ಎಂದು ಜೋರಾಗಿಯೇ ಹೇಳುತ್ತಿದ್ದೆ. ಬಚ್ಚಲ ಹತ್ತಿರ ಬಂದಾಗ ಮಾತ್ರ ನನ್ನ ದನಿ ಉಡುಗುತ್ತಿತ್ತು.

ನಾನು ಚಿಕ್ಕನಾಯಕನಹಳ್ಳಿ ಕಡೆಯ ತೋಟದ ಮನೆಯವಳು. ಎಪ್ಪತ್ತರ ದಶಕದಲ್ಲಿ ಮದುವೆಯಾಗಿ ತಿಪಟೂರಿಗೆ ಬಂದೆ. ಗಂಡ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಆರು ಸಂಸಾರಗಳ ವಠಾರದಲ್ಲಿ ನಮ್ಮದೊಂದು ಕೋಣೆ, ಒಂದು ಅಡುಗೆಮನೆ. ಬಚ್ಚಲು ಎಲ್ಲರಿಗೂ ಒಂದೇ. ದಿನಕ್ಕೊಂದು ಮನೆಯವರು ತೆಂಗಿನ ಸಿಪ್ಪೆ ಉರಿಸಿ ಹಂಡೆ ಕಾಯಿಸಬೇಕು, ಎಲ್ಲರೂ ಆ ನೀರಿನಲ್ಲೇ ಮೀಯಬೇಕು. ಇದನ್ನೆಲ್ಲ ನನಗೆ ಹೇಳಿಕೊಟ್ಟವರು ಎದುರು ಮನೆಯ ಅಜ್ಜಿ. ಬಂದ ದಿನ ನನ್ನ ಒಲೆ ಹತ್ತುವ ಮೊದಲೇ ಮುದ್ದೆ, ಸಾರು ತಂದಿಟ್ಟವರೂ ಅವರೇ.

ಹೊಲ, ತೋಟ ಇಲ್ಲದವನಿಗೆ ಮಗಳನ್ನು ಕೊಟ್ಟರೆಂದು ನೆಂಟರು ಅಪ್ಪನನ್ನು ಆಡಿಕೊಂಡಿದ್ದರು. ಹಬ್ಬಕ್ಕೆ ತವರಿಗೆ ಹೋದಾಗ ಅಪ್ಪ, "ಮನೆ ಹೆಂಗೈತವ್ವ?" ಎಂದರು.

"ದೊಡ್ಡ ಅಂಗಳ, ಬಾವಿ, ಬಚ್ಚಲು, ಎಲ್ಲಾ ಐತೆ ಕಣಪ್ಪ."

ಒಂದಕ್ಷರ ಸುಳ್ಳಿಲ್ಲ. ಉಳಿದ ಐದು ಸಂಸಾರಗಳನ್ನು ಮಾತ್ರ ನುಂಗಿ ನೀರು ಕುಡಿದಿದ್ದೆ. ಅಪ್ಪನ ತಲೆ ತಗ್ಗಬಾರದೆಂಬ ಆಸೆ ಒಂದು ಪಾಲು, ಒಣ ಜಂಬ ಮೂರು ಪಾಲು.

ಒಂದು ಬೆಳಗ್ಗೆ ಅಪ್ಪ ಕಾಯಿಚೀಲ ಹೊತ್ತು ಬಸ್ಸಿಳಿದು ಬಂದೇಬಿಟ್ಟರು. ಅಂದು ಹಂಡೆಯ ಸರದಿ ಅಜ್ಜಿಯದು. ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ಒಲೆಯ ಮುಂದೆ ಕೂತಿದ್ದ ಅವರನ್ನು ಅಪ್ಪ ಕೆಲಸದವಳೆಂದೇ ತಿಳಿದರು.

"ನೀರು ಕಾದೈತೇನವ್ವ? ಹಂಗೇ ಈ ಪಂಚೇನೂ ಒಗೆದಾಕು" ಎಂದು ದಾರಿಯ ಧೂಳು ಹಿಡಿದ ಹೆಗಲ ಪಂಚೆ ನೀಡಿದರು.

ಅಜ್ಜಿ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರಿಗೆ ಅರ್ಥವಾಗಿಹೋಯಿತು. "ಕೊಡಿ ಯಜಮಾನ್ರೇ" ಎಂದು ಪಂಚೆ ಈಸಿಕೊಂಡು ಕಲ್ಲಿನ ಕಡೆ ನಡೆದರು. ಒಗೆಯುವ ಸದ್ದು ಅಡುಗೆಮನೆಯವರೆಗೂ ಕೇಳುತ್ತಿತ್ತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೂ ನಾನು ಬಾಯಿ ಬಿಡಲಿಲ್ಲ.

ಒಂದು ಮನೆಗೆ ನೆಂಟರು ಬಂದರೆ ಉಳಿದ ಮನೆಗಳಿಂದ ಏನಾದರೂ ಬರುವುದು ವಠಾರದ ಪದ್ಧತಿ. ಊಟದ ಹೊತ್ತಿಗೆ ಅಜ್ಜಿ ಹುರುಳಿಸಾರು ತಂದು, ಅಡುಗೆಮನೆ ಬಾಗಿಲಲ್ಲಿ ನನ್ನ ಕೈಗಿತ್ತು ಹೋದರು. ಅಪ್ಪ ಚಪ್ಪರಿಸಿ ಉಂಡರು.

"ಸಾರು ಚೆಂದಾಗೈತೆ ಕಣವ್ವ. ಆ ಮುದುಕಿಗೂ ಒಂದು ಮುದ್ದೆ ಇಕ್ಕು, ಪಾಪ."

ನಾನು ಸಾರಿನ ಪಾತ್ರೆ ಕೆಳಗಿಟ್ಟೆ. "ಅದು ಅವ್ರ ಮನೇ ಸಾರು ಕಣಪ್ಪ. ಅವ್ರು ಕೆಲಸದೋರಲ್ಲ. ಬಾವಿ, ಬಚ್ಚಲು ಎಲ್ಲಾ ಅವ್ರದೂ ಹೌದು. ನಮ್ದು ಈ ಕೋಣೆ ಒಂದೇ."

ಅಪ್ಪ ಬೈಯಲಿಲ್ಲ. ಎಲೆ ಬಿಟ್ಟೆದ್ದು ಕೈ ತೊಳೆದರು. ಹಗ್ಗದ ಮೇಲಿದ್ದ ಒದ್ದೆ ಪಂಚೆಯನ್ನೇ ಹೆಗಲಿಗೆ ಹಾಕಿಕೊಂಡು, ಕಾಯಿಚೀಲ ಎತ್ತಿಕೊಂಡು ಅಜ್ಜಿಯ ಬಾಗಿಲಿಗೆ ಹೋಗಿ ನಿಂತರು.

"ತಪ್ಪಾಯ್ತು ತಾಯಿ" ಎಂದು ಕಾಯಿಚೀಲವನ್ನು ಅವರ ಹೊಸ್ತಿಲ ಬಳಿ ಇಟ್ಟರು. ಅಪ್ಪ ಯಾರೆದುರೂ ಹಾಗೆ ತಲೆ ತಗ್ಗಿಸಿದ್ದನ್ನು ನಾನು ಕಂಡಿರಲಿಲ್ಲ.

"ಬುಡಪ್ಪ, ಹುಡುಗಿ ಹೊಸಬಳು" ಎಂದರು ಅಜ್ಜಿ. "ನಾಳೆ ಹಂಡೆ ಸರದಿ ಅವಳ್ದು. ಸಿಪ್ಪೆ ಇಲ್ಲ ಅಂತ ಪೇಚಾಡ್ತಿದ್ಲು. ನಾನೇ ಒಂದಿಷ್ಟು ಒಣಗ್ಸಿ ಇಟ್ಟಿದೀನಿ."

ಬಚ್ಚಲ ಮೂಲೆಯಲ್ಲಿ ನನ್ನ ಸರದಿಗೆಂದು ಅಜ್ಜಿ ಒಟ್ಟಿದ್ದ ಸಿಪ್ಪೆಯ ರಾಶಿ ಇತ್ತು. ಅಪ್ಪ ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.