ದಾರದ ಹಂದಿ

ನಾನು ಶಾಲೆ ಬಿಟ್ಟಿದ್ದು ಸಾವಿರದ ಒಂಬೈನೂರ ತೊಂಬತ್ಮೂರರಲ್ಲಿ, ಏಳನೇ ಕ್ಲಾಸು ಅರ್ಧ ಆಗಿರುವಾಗ. ಆ ವರ್ಷ ಅಂದ ಕೂಡಲೆ ನೆನಪಾಗುವುದು ಪುಸ್ತಕವೂ ಅಲ್ಲ, ಪಾಠ ಹೇಳಿದ ಮಾಷೂ ಅಲ್ಲ. ಕೆಸುವಿನ ದಂಟು, ಮರಗೆಣಸಿನ ಸಿಪ್ಪೆ, ತೌಡು ಎಲ್ಲ ಒಂದೇ ಹಂಡೆಯಲ್ಲಿ ಬೇಯುವಾಗ ಏಳುವ ವಾಸನೆ. ಸ್ವಲ್ಪ ಹುಳಿ, ಸ್ವಲ್ಪ ಸಿಹಿ, ತಳ ಹಿಡಿದರೆ ಸುಟ್ಟ ಅನ್ನದ ಹಾಗೆ. ಈಗ ಹಂದಿಗೆ ಯಾರೂ ಅಡಿಗೆ ಮಾಡುವುದಿಲ್ಲ. ಮಾನಂದವಾಡಿಯ ಹೋಟೆಲುಗಳಿಂದ ಎಂಜಲು ಡ್ರಮ್ಮಿನಲ್ಲಿ ತುಂಬಿಕೊಂಡು ಬಂದು ಕಾಯಿಸಿ ಸುರಿಯುತ್ತೇವೆ, ನಾನೂ ಹಾಗೇ. ಆದರೆ ದಾರಿಯಲ್ಲಿ ಯಾರದಾದರೂ ಹಿತ್ತಲಲ್ಲಿ ಆ ಕೆಸುವಿನ ವಾಸನೆ ಎದ್ದರೆ ನನ್ನ ಜೀಪು ತಾನಾಗಿ ನಿಧಾನ ಆಗುತ್ತದೆ. ಪಕ್ಕದಲ್ಲಿ ಕೂತವರು ಏನಾಯಿತು ಎಂದು ಕೇಳುತ್ತಾರೆ. ಗೇರು ಬೀಳುತ್ತಿಲ್ಲ ಎಂದು ಸುಳ್ಳು ಹೇಳುತ್ತೇನೆ.

ನಮ್ಮ ಮನೆ ಇದ್ದದ್ದು ಬೇಗೂರು ಕಾಡಿನ ಅಂಚಿನಲ್ಲಿ, ಕುಟ್ಟಕ್ಕೆ ಹೋಗುವ ರಸ್ತೆಯಿಂದ ಒಳಗೆ. ತಾತನ ಕಾಲದಲ್ಲಿ ಗಡಿಯಾಚೆ ಮೈಸೂರು ಸೀಮೆಯ ಕೋಟೆ ಕಡೆಯಿಂದ ಬಂದವರು ನಾವು. ಹೊಸ್ತಿಲಿಂದ ಆಚೆ ಮಲಯಾಳ, ಒಲೆ ಮುಂದೆ ಕನ್ನಡ. ಮಣ್ಣಿನ ಗೋಡೆ, ಅರ್ಧಕ್ಕೆ ಹೆಂಚು, ಅರ್ಧಕ್ಕೆ ಹುಲ್ಲು, ಹಿಂದೆ ಬಿದಿರಿನ ಹಂದಿಗೂಡು. ಅಪ್ಪನ ತಾಯಿ, ನನ್ನ ಅಜ್ಜಿ, ಆ ಗೂಡಿನ ಯಜಮಾನಿ. ಅವಳ ಲೆಕ್ಕದಲ್ಲಿ ಹಂದಿ ಎರಡು ಥರ: ಕೊಡುವ ಹಂದಿ, ದಾರದ ಹಂದಿ. ಕೊಡುವ ಹಂದಿಯನ್ನು ಮುದ್ದು ಮಾಡುವ ಹಾಗಿಲ್ಲ, ಬೆನ್ನು ತುರಿಸುವ ಹಾಗಿಲ್ಲ. ಹೊಟ್ಟೆ ತುಂಬ ಹಾಕಬೇಕು, ಕ್ರಿಸ್ಮಸ್ಸಿಗೋ ಈಸ್ಟರಿಗೋ ಬಂದವರಿಗೆ ಕೊಡಬೇಕು. ಆದರೆ ಯಾವ ಹೆಣ್ಣು ತನ್ನ ಚೊಚ್ಚಲ ಹೆರಿಗೆಯಲ್ಲಿ ಒಂದು ಮರಿಯನ್ನೂ ಮೈಯಡಿಗೆ ಹಾಕಿ ಸಾಯಿಸದೆ ಎಲ್ಲಕ್ಕೂ ಮೊಲೆ ಕೊಡುತ್ತದೋ, ಅದರ ಕೊರಳಿಗೆ ಅಜ್ಜಿ ಕರಿದಾರದಲ್ಲಿ ಒಂದು ತಾಮ್ರದ ಉಂಗುರ ಪೋಣಿಸಿ ಕಟ್ಟುತ್ತಿದ್ದಳು. ಅಲ್ಲಿಂದ ಮುಂದೆ ಅದರ ಮೇಲೆ ಮಚ್ಚು ಎತ್ತುವ ಹಾಗಿಲ್ಲ. ಮುದಿಯಾಗಿ ಸತ್ತರೆ ಹಲಸಿನ ಮರದ ಬುಡದಲ್ಲಿ ಗುಂಡಿ. ಅದರ ಮರಿಗಳನ್ನು ನಾವು ತಿಂದಿದ್ದೇವೆ, ಮಾರಿದ್ದೇವೆ, ತಾಯಿಯನ್ನು ಮುಟ್ಟಿದ್ದಿಲ್ಲ. ಇದು ಪೂಜೆಯಲ್ಲ, ಹರಕೆಯೂ ಅಲ್ಲ. ಅಜ್ಜಿಯನ್ನು ಕೇಳಿದರೆ, "ಅಷ್ಟು ಜನ ಮಕ್ಕಳ ಕೊಟ್ಟದೆ ಕಣ್ಲಾ. ಅದ್ನೂ ತಿಂದ್ರೆ ನಾವೇನು ಮನುಸ್ರಾ, ಚಿರತೆಯಾ?" ಎನ್ನುತ್ತಿದ್ದಳು.

ನನ್ನ ಕಾಲದ ದಾರದ ಹಂದಿಯ ಹೆಸರು ಕೆಂಚಿ. ಐದು ಸಲ ಹೆತ್ತಿತ್ತು. ಮರಿಯಾಗಿದ್ದಾಗ ನಾಯಿ ಕಚ್ಚಿ ಎಡಗಿವಿ ಸೀಳಿಹೋಗಿ ಎರಡು ಎಲೆಯಂತೆ ಜೋತಾಡುತ್ತಿತ್ತು. ಅಜ್ಜಿ ಬಿಸಿಲು ಕಾಯಲು ಕೂತರೆ ಅದು ಬಂದು ಅವಳ ಕಾಲಿಗೆ ಬೆನ್ನು ಕೊಟ್ಟು ಮಲಗುವುದು. ಅವಳು ಎಲೆಯಡಿಕೆ ಅಗಿಯುತ್ತ ಅದರ ಜೊತೆ ಸೊಸೆಯ ದೂರು ಹೇಳುವಳು. ಅವ್ವ ಒಳಗಿನಿಂದ, "ಅತ್ತೆ, ನಂಗೂ ಕೇಳ್ತದೆ," ಎಂದು ಕೂಗುವಳು. "ಕೇಳ್ಲಿ ಅಂತಾನೇ ಹೇಳ್ತಿರೋದು," ಎಂದು ಅಜ್ಜಿ. ಹೀಗೆ ಆ ಮನೆಯ ಜಗಳಗಳೆಲ್ಲ ಹಂದಿಯ ಮೂಲಕ ಹೋಗಿ ಹಂದಿಯ ಮೂಲಕ ಬರುತ್ತಿದ್ದವು. ಅಜ್ಜಿಯ ಕಣ್ಣು ಮಂಜಾಗುತ್ತ ಬಂದ ಹಾಗೆ ಅವಳ ಕೈ ಕೆಂಚಿಯ ಮೈಮೇಲೆ ಇರುವುದೂ ಹೆಚ್ಚಾಯಿತು. ಹಿತ್ತಲಿಗೆ ಹೋಗುವಾಗ ಅದರ ಬೆನ್ನು ಹಿಡಿದು ನಡೆಯುತ್ತಿದ್ದಳು. ಅದೂ ಅವಳ ಹೆಜ್ಜೆಗೆ ನಿಂತು ನಿಂತು ನಡೆಯುತ್ತಿತ್ತು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಜೊತೆ ಇದ್ದಿರಬಹುದು, ಹಸುವೋ ನಾಯಿಯೋ. ನಗಬೇಡಿ, ನಮಗೆ ಅದು ಹಂದಿ.

ಅಪ್ಪ ಶುಂಠಿ ಕೆಲಸಕ್ಕೆ ಕೋಟೆ ಕಡೆ ಹೋದಾಗ, ಮನೆಗೆ ಗಂಡಾಳು ಬೇಕು ಎಂದು ನಾನೇ ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ. ನನಗೆ ಆಗ ಹದಿಮೂರು. ಕೆಲಸದಲ್ಲಿ ದೊಡ್ಡವರಿಗೆ ಕಡಿಮೆ ಇರಲಿಲ್ಲ, ಇದನ್ನು ಈಗಲೂ ಹೇಳುತ್ತೇನೆ. ಹಂದಿಗೂಡು ನನ್ನ ಕೈಗೆ ಬಂತು. ಕ್ರಿಸ್ಮಸ್ಸಿಗೆ ಮಾಂಸ ಕಡಿಯುವ ವರ್ಕಿ ಚೇಟ್ಟ ಒಂದು ದಿನ ಬಂದು, "ಎಡೋ ಚೆರಿಯ ಮುದಲಾಳಿ, ಈ ಸಲ ಎಷ್ಟು?" ಎಂದ. ಸಣ್ಣ ಯಜಮಾನ ಎಂದು ಕರೆದದ್ದಕ್ಕೇ ನಾನು ಉಬ್ಬಿಹೋದೆ. ಬಲಿತದ್ದು ಮೂರು ಕೊಡುತ್ತೇನೆ ಎಂದು ಕೈಗೆ ಕೈ ತಟ್ಟಿದೆ. ಮೂರು ಇದ್ದವು ಕೂಡ. ಆದರೆ ಒಂದು ದಿನ ಸೌದೆ ಒಡೆಯುವ ಬೇಸರಕ್ಕೆ, ಮರಗೆಣಸಿನ ಹಸಿ ಸಿಪ್ಪೆಯನ್ನು ಬೇಯಿಸದೆ ಹಾಗೇ ಸುರಿದೆ. ಕಹಿಗೆಣಸಿನ ಸಿಪ್ಪೆ ಬೇಯಿಸದಿದ್ದರೆ ವಿಷ ಎಂದು ನಮ್ಮಲ್ಲಿ ಅಂಬೆಗಾಲಿಡುವ ಮಗುವಿಗೂ ಗೊತ್ತು. ಮೂರರಲ್ಲಿ ದೊಡ್ಡದು ಸಂಜೆಯೊಳಗೆ ಹೊಟ್ಟೆ ಉಬ್ಬಿ ಸತ್ತಿತು. ಅವ್ವನಿಗೆ ಹಾವು ಕಡಿದಿರಬೇಕು ಎಂದೆ. ಅಜ್ಜಿ ಸತ್ತ ಹಂದಿಯ ಬಾಯಿ ಮೂಸಿ ನೋಡಿ ಒಳಗೆ ಹೋದಳು.

ವರ್ಕಿ ಚೇಟ್ಟ ಹಂದಿ ಒಯ್ಯಲು ಬಂದ ದಿನ ಅವ್ವ ಅಜ್ಜಿಯನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಮಾನಂದವಾಡಿಯ ಆಸ್ಪತ್ರೆಗೆ ಹೋಗಿದ್ದಳು, ಕಣ್ಣು ತೋರಿಸಲು. ಮನೆಯಲ್ಲಿ ನಾನೊಬ್ಬನೇ. ಎರಡು ಹಂದಿ ಕಟ್ಟಿ ಗಾಡಿಗೆ ಏರಿಸಿದ ಮೇಲೆ ಅವನು ಮೂರನೆಯದೆಲ್ಲಿ ಎಂದ. ಮೂಲೆಯಲ್ಲಿ ಮಲಗಿದ್ದ ಕೆಂಚಿಯನ್ನು ನೋಡಿ, "ಅದು?" ಎಂದ. ಅದು ಅಜ್ಜಿಯದು, ಕೊಡುವುದಲ್ಲ ಎಂದೆ. ಅವನು ಬೀಡಿ ಹಚ್ಚಿ, ಜೊತೆಗೆ ಬಂದವನ ಕಡೆ ತಿರುಗಿ ನಕ್ಕ. "ಹಾಗಾದ್ರೆ ನಾವು ಅಜ್ಜಿ ಬರೋವರೆಗೆ ಕೂರುವ. ಮಾತು ಕೊಟ್ಟವರು ಮನೇಲಿಲ್ಲ, ಇದು ಸ್ಕೂಲಿಗೆ ಹೋಗುವ ಕುಟ್ಟಿ," ಎಂದ. ಅಷ್ಟೇ ಮಾತು. ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದೆ. ಶಾಲೆ ಬಿಟ್ಟು ಎರಡು ತಿಂಗಳಾಗಿದ್ದ ನನ್ನನ್ನು ಶಾಲೆಗೆ ಹೋಗುವ ಹುಡುಗ ಎಂದನಲ್ಲ, ಆ ಸಿಟ್ಟಿಗೆ ನಾನೇ ಹೋಗಿ ಕೆಂಚಿಯ ಕೊರಳ ದಾರ ಬಿಚ್ಚಿದೆ. ಅದು ತಲೆ ಎತ್ತಿ ಕೊಟ್ಟಿತು, ತುರಿಸಲು ಬಂದೆ ಎಂದುಕೊಂಡು. ಕಾಲು ಕಟ್ಟುವಾಗ ಮಾತ್ರ ಕೂಗಿತು. ಆ ಕೂಗಿನ ಬಗ್ಗೆ ಬರೆಯಲಾರೆ.

ಗಾಡಿ ಹೋದ ಮೇಲೆ ನಾನು ಮಾಡಿದ ಕೆಲಸ ಇನ್ನೂ ಹೇಸಿಗೆಯದ್ದು. ಕೆಂಚಿಯದೇ ಮಗಳು ಒಂದಿತ್ತು, ವರ್ಷ ತುಂಬದ್ದು, ಇನ್ನೂ ಹೆರದ್ದು, ಅದೇ ಕೆಂಪು ಬಣ್ಣ. ದಾರವನ್ನು ಅದರ ಕೊರಳಿಗೆ ಕಟ್ಟಿದೆ. ಕಟ್ಟಿ ನೋಡಿದರೆ ಕಿವಿ ಇಡಿಯಾಗಿದೆ. ಕುಡುಗೋಲು ತಂದು, ಅದನ್ನು ಮಂಡಿಯ ಕೆಳಗೆ ಒತ್ತಿ ಹಿಡಿದು, ಎಡಗಿವಿಯನ್ನು ಸೀಳಿದೆ. ದಾರ ಮತ್ತು ಕಿವಿ, ಅಜ್ಜಿಯ ಕೈಗೆ ಸಿಗುವ ಗುರುತು ಇವೆರಡೇ ಎಂದು ನನ್ನ ಲೆಕ್ಕ. ಒಂದು ಜೀವವನ್ನು ದಿನಾ ನೇವರಿಸುವ ಕೈಗೆ ಎಷ್ಟು ಗೊತ್ತಿರುತ್ತದೆ ಎಂದು ಹದಿಮೂರು ವರ್ಷದ ಗಂಡಸಿಗೆ ಹೇಗೆ ತಿಳಿಯಬೇಕು?

ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಬಂದರು. ಕಣ್ಣಿನ ನರ ಒಣಗಿದೆ, ಇನ್ನು ದೃಷ್ಟಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದರಂತೆ. ಅವ್ವ ಗೂಡಿನ ಕಡೆ ಒಮ್ಮೆ ನೋಡಿದಳು, ನನ್ನ ಮುಖ ನೋಡಿದಳು. ಹೇಳಬೇಡ ಎಂದು ನಾನು ಕೈ ಸನ್ನೆಯಲ್ಲಿ ಬೇಡಿಕೊಂಡೆ. ಅಜ್ಜಿ ಸೀರೆ ಕೂಡ ಬದಲಾಯಿಸದೆ ಬಿಸಿಲಿಗೆ ಕೂತು, "ಕೆಂಚೀ," ಎಂದಳು. ನಾನೇ ಆ ಎಳೇ ಹಂದಿಯನ್ನು ತಳ್ಳಿಕೊಂಡು ಹೋಗಿ ಅವಳ ಕಾಲ ಬುಡಕ್ಕೆ ನಿಲ್ಲಿಸಿದೆ. ಅವಳ ಕೈ ಬೆನ್ನಿನ ಮೇಲೆ ಹೋಯಿತು, ಕೊರಳಿಗೆ ಹೋಯಿತು, ಕಿವಿಯ ಹತ್ತಿರ ನಿಂತಿತು. ಬೆರಳಿಗೆ ರಕ್ತ ಅಂಟಿತು. ಸೆರಗಿಗೆ ಬೆರಳು ಒರೆಸಿಕೊಂಡು, "ಅಳೇ ಗಾಯ ಬಿಚ್ಕಂಡದೆ, ಪಾಪ. ಒಸಿ ಅರಿಶಿಣ ಕೊಬ್ರಿಯೆಣ್ಣೆ ತತ್ತಾ ಮಗ," ಎಂದಳು. ತಂದುಕೊಟ್ಟೆ. ಗಾಯ ಮಾಯುವವರೆಗೂ ದಿನಾ ಅವಳೇ ಹಚ್ಚಿದಳು. ನಾನು ಗೆದ್ದೆ ಎಂದುಕೊಂಡೆ. ಅವ್ವ ಮಾತ್ರ ಆ ದಿನ ನನಗೆ ಊಟ ಬಡಿಸುತ್ತ ಮೆಲ್ಲಗೆ, "ನಾನು ಅತ್ತೆಗೆ ಏಳಾಕಿಲ್ಲ. ನಿನ್ನ ಬಾಯಿಂದ ನೀನೇ ಏಳು. ಇವತ್ತೇ ಏಳು," ಎಂದಳು. ನಾಳೆ ಹೇಳುತ್ತೇನೆ ಎಂದೆ.

ಅಪ್ಪ ಶುಂಠಿ ಮುಗಿಸಿ ಬಂದವನು ಗೂಡು ನೋಡಿ ಎಲ್ಲ ತಿಳಿದುಕೊಂಡ. ಬೈಯುತ್ತಾನೆ ಎಂದು ಕಾದೆ. ಅವನು ನನ್ನ ಹೆಗಲ ಮೇಲೆ ಕೈ ಹಾಕಿ, "ಮಾತು ಉಳಿಸ್ಕಂಡೆ, ಬುಡು. ಕೆಲ್ಸಗಾರ ಆದೆ," ಎಂದ. ಆ ಹೊಗಳಿಕೆಯನ್ನು ನಾನು ಬಹಳ ದಿನ ಚಪ್ಪರಿಸಿದೆ. ಹೇಳಬೇಕು ಅನ್ನಿಸಿದಾಗಲೆಲ್ಲ ಅದನ್ನು ನೆನೆದುಕೊಂಡು ಸುಮ್ಮನಾದೆ. ಆ ಎಳೇ ಹಂದಿಗೆ ಅಜ್ಜಿಯ ಹೆಜ್ಜೆ ಗೊತ್ತಿರಲಿಲ್ಲ. ಮುಂದೆ ನುಗ್ಗಿ ಅವಳನ್ನು ಎರಡು ಸಲ ಬೀಳಿಸಿತು. ಬಿದ್ದವಳು ಎದ್ದು ಕೂತು, "ಕೆಂಚಿಗೆ ವಯಸ್ಸಾಯ್ತು, ಮರೆವು," ಎಂದು ನಮಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು. ಮತ್ತೆ ಮತ್ತೆ ಅದರ ಬೆನ್ನು ಹಿಡಿದು, ಅಂಗಳದಲ್ಲಿ ಮೇಲೆ ಕೆಳಗೆ ಹೋಗಿ ಅದಕ್ಕೆ ನಡಿಗೆ ಕಲಿಸಿದಳು.

ಮುಂದಿನ ಸುಗ್ಗಿ ಹೊತ್ತಿಗೆ ಅದು ತುಂಬು ಗಬ್ಬವಾಗಿತ್ತು. ದಿನ ತುಂಬಿ ಒಂದು ಮಧ್ಯಾಹ್ನ ಒಣಹುಲ್ಲು ಬಾಯಲ್ಲಿ ಕಚ್ಚಿ ಮೂಲೆಗೆ ಹೊರಲು ಶುರು ಮಾಡಿತು. ನಾನು ಕಾಳುಮೆಣಸು ಬಿಡಿಸುವ ಕೂಲಿಗೆ ಹೊರಟಿದ್ದೆ, ಏಣಿ ಹೆಗಲ ಮೇಲಿತ್ತು. ಅಜ್ಜಿಯ ಪಾಲಿಗೆ ಅದು ಕೆಂಚಿ ಎಂದೇ ನನ್ನ ಲೆಕ್ಕ, ಐದು ಸಲ ಹೆತ್ತ ಹಂದಿಯನ್ನು ಯಾರೂ ಕಾಯುವುದಿಲ್ಲ. ಅದು ತಾನೇ ಹೆತ್ತು ತಾನೇ ಒರಗುತ್ತದೆ. ಅಜ್ಜಿ ಜಗಲಿಯಿಂದ ನನ್ನ ಹೆಸರು ಹಿಡಿದು ಕೂಗಿದಳು. "ಏಣಿ ಇಳಿಸು ಮಗ. ಎಲ್ಗೂ ಓಗ್ಬ್ಯಾಡ. ಇದಕ್ಕೆ ಚೊಚ್ಚಲು. ಎದುರ್ಕತದೆ, ಮರಿ ಮ್ಯಾಲೆ ಬಿದ್ಬುಡ್ತದೆ. ಜೊತೇಲಿ ಕೂತ್ಕ." ಅಷ್ಟೇ ಹೇಳಿದಳು. ಬೈಗುಳವಿಲ್ಲ, ವ್ಯಂಗ್ಯವಿಲ್ಲ. ಮರಿಗಳು ಸಾಯಬಾರದು ಎಂದು, ಒಂದು ವರ್ಷ ಮುಚ್ಚಿಟ್ಟದ್ದನ್ನು ಬಾಯಿಬಿಟ್ಟಳು. ನಾನು ಏಣಿ ಇಳಿಸಿದೆ. ನನ್ನ ಕಿವಿ ಸುಡುತ್ತಿತ್ತು. ಸಂಜೆಯವರೆಗೆ ಗೂಡಿನೊಳಗೆ ಕೂತು, ಹುಟ್ಟಿದ ಒಂದೊಂದನ್ನೂ ಒರೆಸಿ ಮೊಲೆಗೆ ಹಚ್ಚಿದೆ. ಎಂಟು. ಬುಟ್ಟಿಯಲ್ಲಿ ಹಾಕಿ ಅವಳ ಮಡಿಲ ಹತ್ತಿರ ತಂದೆ. ಅವಳು ಬೆರಳಿನಲ್ಲಿ ಎಣಿಸಿ, "ಎಂಟೂ ಬದ್ಕವೆ. ಇನ್ನು ಆ ದಾರ ಇದರದೇ ಕಣ್ಲಾ," ಎಂದಳು.

ಆಗ ಅವಳ ಕಾಲು ಹಿಡಿಯಬೇಕಿತ್ತು. ಹೂಂ ಎಂದೆ. ಹೂಂ ಎಂದು ಬುಟ್ಟಿ ಎತ್ತಿಕೊಂಡು ಹೋದೆ. ಆಮೇಲೆ ಅವಳು ಒಂದು ವರ್ಷ ಬದುಕಿದ್ದಳು, ದಿನಾ ಅವಳ ಪಕ್ಕ ಕೂತು ಉಂಡೆ, ಅವಳ ಎಲೆಯಡಿಕೆ ಕುಟ್ಟಿಕೊಟ್ಟೆ, ಅವಳಿಗೆ ಗೊತ್ತಿದೆ ಎಂಬುದು ನನಗೆ ಗೊತ್ತು, ಅದು ಅವಳಿಗೂ ಗೊತ್ತು. ಒಂದು ಮಾತು ಬಾಯಿಂದ ಬರಲಿಲ್ಲ. ತಪ್ಪಾಯಿತು ಎಂದರೆ ನಾನು ಮತ್ತೆ ಶಾಲೆಗೆ ಹೋಗುವ ಹುಡುಗನಾಗುತ್ತೇನೆ ಎಂದು ಹೆದರಿದೆನೋ ಏನೋ. ಅವಳನ್ನು ಮಣ್ಣು ಮಾಡಿದ ದಿನ ಅವ್ವ ನನ್ನ ಮುಖ ನೋಡಲಿಲ್ಲ. ಈಗ ಅವ್ವನೂ ಇಲ್ಲ, ಅಪ್ಪನೂ ಇಲ್ಲ. ನಾವು ರಸ್ತೆಬದಿಗೆ ಬಂದ ಮೇಲೆ ಆ ಮನೆಯನ್ನು ಆನೆ ಒಂದು ಕಡೆ ಕೆಡವಿತು, ಉಳಿದದ್ದನ್ನು ಗೆದ್ದಲು ತಿಂದಿತು. ಜಗಲಿಯ ಜಾಗದಲ್ಲಿ ಕಾಂಗ್ರೆಸ್ ಗಿಡ ಎದೆಯೆತ್ತರ ಬೆಳೆದಿದೆ.

ಕಳೆದ ತಿಂಗಳು ಪಕ್ಕದ ಹೋಂಸ್ಟೇಗೆ ಮೈಸೂರಿನಿಂದ ಬಂದಿದ್ದ ಒಬ್ಬರು ಹೆಂಗಸು ಮಗಳ ಜೊತೆ ನಮ್ಮ ಗೂಡು ನೋಡಲು ಬಂದರು. ಮಗು ಮರಿಗಳ ಹತ್ತಿರದಿಂದ ಕದಲಲೇ ಒಲ್ಲದು. "ಅಣ್ಣಾ, ನಾವು ತಿನ್ನಲ್ಲ, ನಾಯಿ ಥರ ಸಾಕ್ತೀವಿ. ಸಾಯೋವರೆಗೂ ಇಟ್ಕೋತೀವಿ. ಯಾವುದು ಸಾಧು ಅಂತ ನೀವೇ ಆರಿಸಿ ಕೊಡಿ," ಎಂದರು. ಮೂವತ್ತು ವರ್ಷ ಹಂದಿಯ ಹಲ್ಲು ನೋಡಿ ವಯಸ್ಸು ಹೇಳಿದವನು ನಾನು. ಬಾಗಿ ಒಂದನ್ನು ಎತ್ತಲು ಹೋದೆ, ಆಗಲಿಲ್ಲ. ಇಲ್ಲ ಅಮ್ಮ, ಅಂಥದ್ದು ನಮ್ಮಲ್ಲಿಲ್ಲ ಎಂದುಬಿಟ್ಟೆ. ಅವರು ಬೇಸರದಿಂದ ಹೋದರು.

ಸುಳ್ಳು ಹೇಳಲಿಲ್ಲ. ಈಗ ನನ್ನಲ್ಲಿ ಸಿಮೆಂಟಿನ ಗೂಡು ಆರು, ಹೆಣ್ಣು ಹಂದಿ ಹನ್ನೊಂದು, ಗಂಡು ಎರಡು, ಮರಿ ಮೂವತ್ತನಾಲ್ಕು. ಎಲ್ಲವೂ ಕೊಡುವ ಹಂದಿ, ದಾರದ್ದು ಒಂದೂ ಇಲ್ಲ.