ಚೀಟಿಯ ಹಿಂದೆಯೇ ಹೋದವರು

ರೋಗವನ್ನು ಗುರುತಿಸುವವರಿಗೆ ಹೆಸರಿದೆ, ಶಸ್ತ್ರಚಿಕಿತ್ಸೆ ಮಾಡುವವರಿಗೆ ಸನ್ಮಾನವಿದೆ; ರೋಗಿಯನ್ನು ಸರಿಯಾದ ಬಾಗಿಲಿಗೆ ಕಳಿಸಿಕೊಡುವವರಿಗೆ ಮಾತ್ರ ನಮ್ಮ ವೃತ್ತಿಯಲ್ಲಿ ಇನ್ನೂ ಒಂದು ಬಿರುದು ಹುಟ್ಟಿಲ್ಲ. ಆ ಕೆಲಸವನ್ನೇ ಒಂದು ವಿದ್ಯೆಯಾಗಿ ಬೆಳೆಸಿ, ಈಗ ಬಡಾವಣೆಯ ಚಿಕಿತ್ಸಾಲಯದಿಂದ ನಿವೃತ್ತರಾಗುತ್ತಿರುವ ನಮ್ಮ ಡಾಕ್ಟರಮ್ಮನವರ ಕುರಿತು ಬರೆಯಲು ಈ ಪತ್ರಿಕೆಯ ಸಂಪಾದಕರು ಕೇಳಿದಾಗ, ಪಕ್ಕದ ಕೋಣೆಯಲ್ಲಿ ಕುಳಿತು ಬಹುಕಾಲ ಅವರ ಪ್ರಶ್ನೆಗಳಿಗೆ ಸಿಕ್ಕಿಬಿದ್ದ ಕಿರಿಯ ವೈದ್ಯನಾದ ನನಗೆ ಸಂತೋಷವಾಯಿತು. ಸೇಡು ತೀರಿಸಿಕೊಳ್ಳಲು ಇದೇ ಸಮಯ ಎಂದೂ ಅನ್ನಿಸಿತು.

ಅವರು ಸೇವೆಗೆ ಸೇರಿದ ಕಾಲದಲ್ಲಿ, ದೊಡ್ಡಾಸ್ಪತ್ರೆಗೆ ಚೀಟಿ ಬರೆದು ರೋಗಿಯ ಕೈಗಿಟ್ಟರೆ ನಮ್ಮ ಕೆಲಸ ಮುಗಿಯಿತು ಎಂಬ ನಂಬಿಕೆಯಿತ್ತು. ಡಾಕ್ಟರಮ್ಮನವರಿಗೆ ಮಾತ್ರ ಆ ಚೀಟಿ ಹಿಡಿದವರು ಮುಂದೆ ಏನಾಗುತ್ತಾರೆ ಎಂಬ ಕುತೂಹಲ. ಹೋಗಿ ಬಂದವರನ್ನು ಅವರು ಮೊದಲು ಕೇಳುತ್ತಿದ್ದುದು ಅಲ್ಲಿನ ವೈದ್ಯರು ಏನು ಹೇಳಿದರು ಎಂದಲ್ಲ. ಯಾವ ಬಾಗಿಲಿಂದ ಒಳಗೆ ಹೋದಿರಿ, ಮೆಟ್ಟಿಲು ಎಷ್ಟು ಎತ್ತರ, ಕೂರಲು ಜಾಗ ಸಿಕ್ಕಿತೇ ಎಂದು. ಉತ್ತರ ಸಮಾಧಾನ ತರದಿದ್ದರೆ ರಜೆಯ ದಿನ ತಾವೇ ಹೋಗಿ, ವೈದ್ಯೆ ಎಂದು ಯಾರಿಗೂ ಹೇಳದೆ, ಅಲ್ಲಿನ ಬೆಂಚಿನ ಮೇಲೆ ಕುಳಿತು ನೋಡಿ ಬರುತ್ತಿದ್ದರು. ಮಂಡಿನೋವಿನವರು ಹೋಗಬೇಕಾದ ವಿಭಾಗ ಮೇಲಿನ ಮಹಡಿಯಲ್ಲಿದೆ, ಲಿಫ್ಟಿನಲ್ಲಿ ಮುರಿದ ಮಂಚಗಳನ್ನು ಪೇರಿಸಿಟ್ಟಿದ್ದಾರೆ ಎಂಬ ಸಂಗತಿ ಹೊರಬಿದ್ದದ್ದು ಹಾಗೆಯೇ. ಇದೆಲ್ಲ ಅಧಿಕಪ್ರಸಂಗವೆಂದು ಮೂಗು ಮುರಿದವರೂ ಉಂಟು. ರಜೆಯ ದಿನ ಹೆಂಡತಿ ಬೇಕೆಂದರೆ ಆಸ್ಪತ್ರೆಗಳಲ್ಲಿ ಹುಡುಕಬೇಕು ಎಂದು ಅವರ ಯಜಮಾನರು ನಗುತ್ತಿದ್ದರು.

ಆ ಕುತೂಹಲದ ಬೆಲೆ ನನಗೆ ತಿಳಿದದ್ದು ಟೈಲರಕ್ಕನ ವಿಷಯದಲ್ಲಿ. ಚಿಕಿತ್ಸಾಲಯದ ಎದುರಿನ ಅಂಗಡಿಯಲ್ಲಿ ನಮ್ಮ ಬಿಳಿ ಕೋಟುಗಳನ್ನು ಹೊಲಿಯುತ್ತಿದ್ದ ಅವರಿಗೆ ಬಹಳ ದಿನಗಳಿಂದ ಕಿವಿ ಸೋರುತ್ತಿತ್ತು. ಒಂದು ಕಿವಿ ಆಗಲೇ ಹೋಗಿತ್ತು, ಇನ್ನೊಂದು ಮಂದವಾಗುತ್ತಿತ್ತು. ಬೇಗ ಶಸ್ತ್ರಚಿಕಿತ್ಸೆಯಾಗದಿದ್ದರೆ ಉಳಿದದ್ದೂ ಕೈತಪ್ಪುತ್ತದೆ ಎಂದು ಡಾಕ್ಟರಮ್ಮನವರು ದೊಡ್ಡಾಸ್ಪತ್ರೆಯ ಕಿವಿ ವಿಭಾಗಕ್ಕೆ ಕಳಿಸಿದರು. ರೋಗಿ ಕರೆದಾಗ ಇರಲಿಲ್ಲ ಎಂದು ಅಲ್ಲಿಂದ ಉತ್ತರ ಬಂತು. ಮತ್ತೆ ಕಳಿಸಿದರು, ಮತ್ತೆ ಅದೇ ಉತ್ತರ. ಇನ್ನೊಮ್ಮೆ ತಪ್ಪಿಸಿಕೊಂಡರೆ ಸರದಿಯಿಂದ ಹೆಸರು ತೆಗೆಯುವುದಾಗಿ ಎಚ್ಚರಿಕೆ ಬೇರೆ. ಹೆದರಿ ಅರ್ಧದಲ್ಲೇ ಎದ್ದು ಬರುತ್ತಿದ್ದಾರೆಂದು ನಾವು ಭಾವಿಸಿದೆವು. ಟೈಲರಕ್ಕನೋ, ಬಾಗಿಲು ಮುಚ್ಚುವವರೆಗೂ ಅಲ್ಲೇ ಕೂತಿದ್ದೆ, ಯಾರೂ ಕರೆಯಲೇ ಇಲ್ಲ ಎಂದು ಕಣ್ಣೀರು ಹಾಕಿದರು.

"ಇಬ್ರೂ ನಿಜಾನೇ ಹೇಳ್ತಿದ್ರೆ, ನಡುವೆ ಏನೋ ಆಗ್ತಿದೆ. ಅದೇನು ಅಂತ ನೋಡ್ಬೇಕಲ್ಲ," ಎಂದರು ಡಾಕ್ಟರಮ್ಮನವರು.

ಮುಂದಿನ ಸಲ ತಾವೂ ಜೊತೆಗೆ ಹೋದರು. ಹೋದವರು ಸುಮ್ಮನೆ ಕೂರಲಿಲ್ಲ. ಟೈಲರಕ್ಕನಿಗೆ ಕೇಳಿಸುವಷ್ಟೇ ತಮಗೂ ಕೇಳಿಸಲೆಂದು ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಕೂತರು. ಜೊತೆಗೆ ಜನ ಇದ್ದವರು ಒಬ್ಬೊಬ್ಬರಾಗಿ ಎದ್ದು ಒಳಗೆ ಹೋಗುತ್ತಿದ್ದರು, ಒಂಟಿಯಾಗಿ ಬಂದವರು ಕೂತೇ ಇದ್ದರು. ಅನುಮಾನ ಬಂದು ಹತ್ತಿ ತೆಗೆದಾಗ ತಿಳಿಯಿತು: ಅರೆಬಾಗಿಲಿನ ಒಳಗಿಂದ ನರ್ಸ್ ತಲೆಯೆತ್ತದೆ ಒಂದೇ ಸಲ ಹೆಸರು ಕರೆದು, ಎದ್ದು ಬರದವರ ಚೀಟಿಯನ್ನು ಗೈರುಹಾಜರು ಎಂದು ಬದಿಗಿಡುತ್ತಿದ್ದರು. ಕಿವಿ ಕೇಳಿಸದವರಿಗಾಗಿಯೇ ಇರುವ ವಿಭಾಗದಲ್ಲಿ ಇದು ಯಾರಿಗೂ ಹೊಳೆದಿರಲಿಲ್ಲ!

ಬೇರೆಯವರಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದರು, ನಾನಂತೂ ಖಂಡಿತ. ಡಾಕ್ಟರಮ್ಮನವರು ನರ್ಸ್‌ಗೆ ಹೊಸ ಹತ್ತಿ ಕೊಟ್ಟು, "ಸಿಸ್ಟರ್, ಇದನ್ನ ಇಟ್ಕೊಂಡು ಸ್ವಲ್ಪ ಹೊತ್ತು ನನ್ನ ಪಕ್ಕ ಕೂತ್ಕೋತೀರಾ?" ಎಂದರಂತೆ. ಆ ತಾಯಿ ಹತ್ತಿ ಇಟ್ಟುಕೊಂಡು ಕೂತರು; ಒಳಗಿಂದ ಇನ್ನೊಬ್ಬರು ಕರೆದ ಹೆಸರು ಒಂದೂ ಅವರಿಗೆ ಕೇಳಿಸಲಿಲ್ಲ. ಎದ್ದವರೇ ಟೈಲರಕ್ಕನ ಕೈಹಿಡಿದು ಒಳಗೆ ಕರೆದೊಯ್ದರು. ಮರುವಾರದಿಂದ ಅಲ್ಲಿ ಹೆಸರು ಕೂಗುವ ಬದಲು ದೊಡ್ಡ ಅಕ್ಷರದಲ್ಲಿ ಬರೆದು ಎತ್ತಿ ಹಿಡಿಯುತ್ತಾರೆ. ಶಸ್ತ್ರಚಿಕಿತ್ಸೆಯೂ ಆಯಿತು; ಆ ಒಂದು ಕಿವಿ ಉಳಿಯಿತೋ ಇಲ್ಲವೋ ಎಂದು ಕಟ್ಟು ಬಿಚ್ಚುವವರೆಗೆ ನಾವೆಲ್ಲ ಚಡಪಡಿಸಿದೆವು.

ಡಾಕ್ಟರಮ್ಮನವರು ಇನ್ನು ಮುಂದೆ ಅದೇ ದೊಡ್ಡಾಸ್ಪತ್ರೆಯ ಹೆಬ್ಬಾಗಿಲಲ್ಲಿ ಕುಳಿತು ಬಂದವರಿಗೆ ದಾರಿ ತೋರಿಸಲು ಒಪ್ಪಿದ್ದಾರೆ. ಅವರಿಗೆ ತುಂಬು ಆಯುಷ್ಯವೂ, ಎಂಥ ಬೆಂಚಿಗೂ ಬಗ್ಗದ ಬೆನ್ನೂ ಇರಲಿ, ಪ್ರಶ್ನೆಗಳು ಎಂದಿಗೂ ಮುಗಿಯದಿರಲಿ ಎಂದು ಹಾರೈಸುತ್ತೇನೆ.

ಆ ಹೊಸ ಕೆಲಸಕ್ಕೆಂದು ಹೊಲಿಸಿದ ಕೋಟನ್ನು ತರಲು ಮೊನ್ನೆ ಅವರೊಂದಿಗೆ ನಾನೂ ಹೋಗಿದ್ದೆ. ಟೈಲರಕ್ಕ ಬೆನ್ನು ಹಾಕಿ ಕೂತು ಮಷೀನು ತುಳಿಯುತ್ತಿದ್ದರು. ಕೋಟು ತೊಟ್ಟು ನೋಡಿದ ಡಾಕ್ಟರಮ್ಮನವರು ಬೇಕೆಂದೇ ಪಿಸುದನಿಯಲ್ಲಿ, "ಯಾಕೋ ಬಿಗಿ ಆಯ್ತಲ್ಲ," ಎಂದರು.

ಮಷೀನು ನಿಲ್ಲಲಿಲ್ಲ, ಅಕ್ಕ ತಿರುಗಲೂ ಇಲ್ಲ. "ಕೋಟು ಸರಿಯಾಗೇ ಇದೆ ಡಾಕ್ಟ್ರಮ್ಮ, ನೀವೇ ದಪ್ಪ ಆಗಿದ್ದೀರಿ."

ದಪ್ಪ ಅನ್ನಿಸಿಕೊಂಡು ಇಷ್ಟು ಸಂತೋಷಪಟ್ಟವರನ್ನು ನಾನು ಬೇರೆ ಕಂಡಿಲ್ಲ.